ಯೋಬಪ್ಪನ ಉಳಿದರ್ಧ

ಬೈಲಹೊಂಗಲದ ನಿವೃತ್ತ ಡ್ರಾಯಿಂಗ್ ಮಾಸ್ತರ ಎಲಿಷಪ್ಪ ದೊಡವಾಡ ಅವರು ಸುಳ್ಳು ಹೇಳುವ ಪೈಕಿ ಅಲ್ಲ. ಅದು ಅವರ ಸದ್ಗುಣವೆಂದು ಯಾರೂ ತಿಳಿಯಬಾರದು. ಹೇಳಲು ಬರುತ್ತಿರಲಿಲ್ಲ, ಅಷ್ಟೇ. ಆದರೂ ೨೦೦೧ರ ಸೆಪ್ಟೆಂಬರಿನಲ್ಲಿ, ಧಾರವಾಡದಲ್ಲಿ ಸುತ್ತಲಿನ ಚರ್ಚುಗಳ ಕಾರ್ಯದರ್ಶಿಗಳೆಲ್ಲ ಸೇರಿದ್ದ ಸಭೆಯಲ್ಲಿ, ಊಟ ಮುಗಿದು ಬಾಳೆಹಣ್ಣು ಸುಲಿಯುತ್ತಿದ್ದ ಹೊತ್ತಿಗೆ ಅವರ ಬಾಯಿಂದ ಒಂದು ಸುಳ್ಳು ಜಾರಿತು.

ತಪ್ಪು ಪೂರ್ತಿ ಅವರದಲ್ಲ. ಪಂಕ್ತಿಯಲ್ಲಿ ಎಲ್ಲರೂ ತಮ್ಮ ತಮ್ಮ ಚರ್ಚಿನ ವೈಭವ ಹೇಳುತ್ತಿದ್ದರು. ಒಬ್ಬರ ಚರ್ಚಿಗೆ ಹೊಸ ಛಾವಣಿಯಾಗಿತ್ತು. ಇನ್ನೊಬ್ಬರಲ್ಲಿ ಎರಡು ಗಿಟಾರಿನ ಗಾಯನ ತಂಡವಿತ್ತು. ಮೂರನೆಯವರ ಮೈಕು ಎಷ್ಟು ಜೋರೆಂದರೆ ಪಕ್ಕದ ಊರಿನವರೂ ಆಮೆನ್ ಅನ್ನುತ್ತಿದ್ದರಂತೆ. ಎಲಿಷಪ್ಪ ಮಾಸ್ತರರ ಚರ್ಚಿನಲ್ಲಿ ಇದ್ದದ್ದು ಹನ್ನೊಂದು ಜನ, ಬಿರುಕು ಬಿಟ್ಟ ಒಂದು ಗಂಟೆ, ಮತ್ತು ತಿಂಗಳಿಗೊಮ್ಮೆ ಬಸ್ಸು ಸಿಕ್ಕರೆ ಬರುವ ಪಾದ್ರಿ.

"ನಿಮ್ಮಲ್ಲೇನ್ ವಿಶೇಷ್ರಿ, ಮಾಸ್ತರ?" ಎಂದು ಮೈಕಿನವರು ಕೇಳಿದರು.

"ನಮ್ಮಲ್ಲಿ ಹಳೇ ಆಂಗ್ಲಿಕನ್ ಕ್ರಮ ಐತ್ರಿ," ಎಂದರು ಮಾಸ್ತರರು. "ಇಂಗ್ಲಂಡಿನ ಪಾದ್ರಿಗೋಳು ಬಿಟ್ಟು ಹೋದದ್ದು. ಪ್ರತಿ ರವಿವಾರ ಅದನ್ನ ಓದತೇವಿ. ಒಂದ ಅಕ್ಷರ ಬಿಟ್ಟಿಲ್ಲ."

ಬಿಟ್ಟದ್ದು ಒಂದಕ್ಷರವಲ್ಲ, ಇಡೀ ಪುಸ್ತಕವನ್ನೇ. ಬೈಲಹೊಂಗಲದ ಚರ್ಚಿನಲ್ಲಿ ರವಿವಾರದ ಆರಾಧನೆ ಎಂದರೆ ನಾಲ್ಕು ಹಾಡು, ಮಾಸ್ತರರು ಓದುವ ಒಂದು ಕೀರ್ತನೆ, ಕೊನೆಗೆ ಅವರ ಹೆಂಡತಿ ಇಂದ್ರವ್ವ ಮಾಡುವ ಪ್ರಾರ್ಥನೆ. ಒಲೆಯ ಮೇಲೆ ಹಾಲಿಟ್ಟು ಬಂದ ದಿನ ಆ ಪ್ರಾರ್ಥನೆ ಇನ್ನೂ ಚಿಕ್ಕದು.

ಎದುರಿಗೆ ಕುಳಿತಿದ್ದವರು ಬೆಳಗಾವಿಯ ಮೃಣಾಲಿನಿ ಮೇಡಂ. ಇತಿಹಾಸದ ಪ್ರಾಧ್ಯಾಪಕಿಯಾಗಿ ನಿವೃತ್ತರಾಗಿ, ಚರ್ಚುಗಳ ಪರಂಪರೆ ಸಮಿತಿಯ ಮುಖ್ಯಸ್ಥೆಯಾಗಿದ್ದರು. ಅವರು ಬಾಳೆಹಣ್ಣು ಕೆಳಗಿಟ್ಟು ನೋಟುಬುಕ್ಕು ತೆಗೆದರು.

ಹದಿನೈದು ದಿನಕ್ಕೆ ಕಾಗದ ಬಂತು. ಮತಸುಧಾರಣೆಯ ದಿನಕ್ಕೆ ಮುಂಚಿನ ರವಿವಾರ, ಅಕ್ಟೋಬರ್ ಇಪ್ಪತ್ತೆಂಟರ ಬೆಳಿಗ್ಗೆ, ಸಮಿತಿಯ ಮೂವರು ಬೈಲಹೊಂಗಲಕ್ಕೆ ಬರುತ್ತಾರೆ. ಹಳೆಯ ಕ್ರಮದ ಆರಾಧನೆಯಲ್ಲಿ ಪಾಲುಗೊಂಡು ಅದನ್ನು ಟೇಪಿನಲ್ಲಿ ಹಿಡಿಯುತ್ತಾರೆ. ಮಾಸ್ತರರು ಸುಧಾರಣೆಯ ಪರಂಪರೆಯ ಬಗ್ಗೆ ಹತ್ತು ನಿಮಿಷ ಮಾತನಾಡಬೇಕು.

"ಹತ್ತ ನಿಮಿಷ?" ಎಂದರು ಇಂದ್ರವ್ವ. "ಮದಿವ್ಯಾಗಿ ಮೂವತ್ತಾರ ವರ್ಷಾತು, ನನ್ನ ಕೂಡ ಒಟ್ಟಾರೆ ಹತ್ತ ನಿಮಿಷ ಮಾತಾಡಿಲ್ಲ ನೀವು."

ಮಾಸ್ತರರು ಚರ್ಚಿಗೆ ಹೋಗಿ ಕಪಾಟು ತೆಗೆದರು. ಒಳಗೆ ಹಳೆಯ ಪ್ರಾರ್ಥನಾ ಪುಸ್ತಕ ಒಂದೇ ಒಂದು ಉಳಿದಿತ್ತು. ರಟ್ಟು ಗಟ್ಟಿಯಾಗಿತ್ತು, ಮೇಲಿನ ಚಿನ್ನದ ಅಕ್ಷರ ಹೊಳೆಯುತ್ತಿತ್ತು. ತೆರೆದರೆ ನಡುವೆ ಕೈ ಹೋಗುವಷ್ಟು ತೂತು. ಗೆದ್ದಲುಗಳು ಬೆಳಗಿನ ಪ್ರಾರ್ಥನೆಯಿಂದ ಹಿಡಿದು ಶವಸಂಸ್ಕಾರದ ತನಕ ಭಕ್ತಿಯಿಂದ ತಿಂದಿದ್ದವು. ಬೇರೆ ಪ್ರತಿ ಬೇಕೆಂದು ಧಾರವಾಡಕ್ಕೆ ಬರೆಯೋಣವೆಂದರೆ, ಒಂದಕ್ಷರ ಬಿಡದವನು ಪುಸ್ತಕ ಕೇಳುವುದು ಹೇಗೆ?

ಇನ್ನು ಉಳಿದದ್ದು ಒಂದೇ ದಾರಿ. ಆ ದಾರಿಯ ಹೆಸರು ಶೆಟ್ಟೆವ್ವ.

ಎಂಬತ್ತು ದಾಟಿದ ಶೆಟ್ಟೆವ್ವನಿಗೆ ಚರ್ಚಿನ ದಾಖಲೆಯಲ್ಲಿ ಸಾರಾ ಎಂಬ ಹೆಸರಿತ್ತು. ಆ ಹೆಸರಿನಿಂದ ಅವಳನ್ನು ಯಾರೂ ಕರೆದಿರಲಿಲ್ಲ, ಕರೆದಿದ್ದರೂ ಅವಳು ಓ ಎನ್ನುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಇಂಗ್ಲಿಷ್ ಪಾದ್ರಿಯ ಬಂಗಲೆಯಲ್ಲಿ ಕಸಗುಡಿಸಿದವಳು. ಓದು ಬರದು. ಆದರೆ ಇಪ್ಪತ್ತು ವರ್ಷ ಆ ಪಾದ್ರಿ ಓದಿದ್ದನ್ನೆಲ್ಲ ಕಿವಿಯಿಂದಲೇ ಕಲಿತಿದ್ದಳು. ಪಾದ್ರಿಯ ಮಾತು, ಸಭೆಯ ಉತ್ತರ ಮಾತ್ರವಲ್ಲ; "ಇಲ್ಲಿ ಎಲ್ಲರೂ ಮೊಣಕಾಲೂರತಕ್ಕದ್ದು" ಎಂಬಂಥ, ಮನಸ್ಸಿನಲ್ಲೇ ಓದಿಕೊಳ್ಳಬೇಕಾದ ಸೂಚನೆಗಳನ್ನೂ ಅದೇ ರಾಗದಲ್ಲಿ ಹೇಳುತ್ತಿದ್ದಳು. ಆ ಪಾದ್ರಿಗೆ 'ಳ' ಹೊರಳುತ್ತಿರಲಿಲ್ಲ. ಹಾಗಾಗಿ ದಿನದ ಮಾತಿನಲ್ಲಿ ಸರಿಯಾಗಿ 'ಳ' ಅನ್ನುವ ಶೆಟ್ಟೆವ್ವ ಪ್ರಾರ್ಥನೆಗೆ ನಿಂತಾಗ ಮಾತ್ರ "ನಮ್ಮ ಪಾಪಗಲನ್ನು" ಅನ್ನುತ್ತಿದ್ದಳು. ಎರಡು ವಾಕ್ಯದ ನಡುವೆ ಪಾದ್ರಿ ಕೆಮ್ಮುತ್ತಿದ್ದ ಜಾಗದಲ್ಲಿ ಕೆಮ್ಮುತ್ತಿದ್ದಳು.

ತೊಂದರೆ ಏನೆಂದರೆ, ಅವಳು ಎಲಿಷಪ್ಪ ಮಾಸ್ತರರೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು.

ಅದಕ್ಕೆ ಕಾರಣ ಅವಳ ಗಂಡ ಯೋಬಪ್ಪ. ಗೌಂಡಿ ಕೆಲಸದವನು, ಚರ್ಚಿನ ಗಂಟೆ ಬಾರಿಸುವವನೂ ಅವನೇ. ೧೯೯೫ರ ಜುಲೈಯಲ್ಲಿ ತೀರಿಕೊಂಡ. ಹಳ್ಳ ಬಂದು ಪಾದ್ರಿಯ ಬಸ್ಸು ಆಚೆಯೇ ನಿಂತಿತು. ಕಾರ್ಯದರ್ಶಿ ಎಂಬ ನೆಲೆಯಲ್ಲಿ ಮಾಸ್ತರರೇ ಕೊಡೆ ಹಿಡಿದು ಕುಣಿಯ ಬಳಿ ನಿಂತು ಪುಸ್ತಕ ಬಿಡಿಸಿದರು. ಅರ್ಧ ಓದಿ ಹಾಳೆ ತಿರುವಿದರೆ ಮುಂದಿನ ಹಾಳೆಗಳಿಲ್ಲ, ಗೆದ್ದಲಿನ ಪುಡಿ ಇದೆ. ಗಾಬರಿಯಲ್ಲಿ ಅವರು "ಆಮೆನ್" ಎಂದು ಪುಸ್ತಕ ಮುಚ್ಚಿದರು. ಮಳೆಯಲ್ಲಿ ನೆನೆಯುತ್ತಿದ್ದವರೆಲ್ಲ ಸಂತೋಷದಿಂದ ಆಮೆನ್ ಎಂದರು. ಶೆಟ್ಟೆವ್ವ ಅನ್ನಲಿಲ್ಲ.

ಮಾಸ್ತರರು ಅವಳ ಮನೆಗೆ ಹೋದಾಗ ಅವಳು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಕಿವಿ ಮಂದವಾದ್ದರಿಂದ ಮಾಸ್ತರರು ಗಟ್ಟಿಯಾಗಿ ಹೇಳಬೇಕಾಯಿತು.

"ಆಯೀ! ಧಾರವಾಡದಿಂದ ಮಂದಿ ಬರಾಕತ್ತಾರ! ನಮಗ ಹಳೇ ಕ್ರಮ ಹೇಳಿಕೊಡ್ರಿ!"

ಶೆಟ್ಟೆವ್ವ ಇನ್ನೂ ನಾಲ್ಕು ಶೇಂಗಾ ಸುಲಿದಳು. ಆರು ವರ್ಷದ ಮೇಲೆ ಬಾಯಿ ಬಿಟ್ಟಳು.

"ನನ್ನ ಗಂಡನ್ನ ಅರ್ಧ ಹುಗದಿ ನೀ. ಮದ್ಲ ಉಳಿದರ್ಧ ಹುಗಿ. ಧಾರವಾಡದ ಮಂದಿ ಆಮ್ಯಾಲೆ."

"ಮಳಿ ಇತ್ತರಿ, ಆಯೀ!"

"ಮಳಿ ನನ್ನ ಮ್ಯಾಲೂ ಇತ್ತು. ನಾ ಅರ್ಧಕ್ಕ ಎದ್ದ ಹೋಗಲಿಲ್ಲ."

 ಮಾಸ್ತರರು ಅವಳ ಕಿವಿಯ ಹತ್ತಿರ ಬಾಗಿ, ಓಣಿಗೆಲ್ಲ ಕೇಳುವಂತೆ ಕೂಗಿದರು: "ಆತರಿ, ಆಯೀ! ಇಪ್ಪತ್ತೆಂಟಕ್ಕ, ರವಿವಾರ ಮುಂಜಾನೆ, ಯೋಬಪ್ಪನ ಉಳಿದರ್ಧಾನೂ ಹುಗದ ಬಿಡೂಣು! ಯಾರ ಮುಂದೂ ಹೇಳಬ್ಯಾಡ್ರಿ!"

ಬಾಗಿಲಲ್ಲಿ ಕೆಂಚವ್ವ ನಿಂತಿದ್ದಳು. ಮಾಸ್ತರರ ಪಕ್ಕದ ಮನೆಯ ಅಡತಿ ವ್ಯಾಪಾರಿ ನಿಜಗುಣಪ್ಪನ ಹೆಂಡತಿ. ಮುದುಕಿಗೆ ದಿನಾಲೂ ಮೊಸರು ತಂದುಕೊಡುವ ಪುಣ್ಯಾತ್ಗಿತ್ತಿ. ಆ ದಿನ ಮೊಸರು ಕೊಡದೆ, ಬಟ್ಟಲು ಹಿಡಿದುಕೊಂಡೇ ಹಿಂದಕ್ಕೆ ಹೋದಳು.

ಸುದ್ದಿಗೆ ಬಸ್ಸು ಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ನಲ್ಲಿಯ ಕಟ್ಟೆಗೆ ಮುಟ್ಟಿತು, ಸಂಜೆಗೆ ಬಸ್ ನಿಲ್ದಾಣಕ್ಕೆ. ಯೋಬಪ್ಪನ ಅರ್ಧ ದೇಹವನ್ನು ಆರು ವರ್ಷದಿಂದ ಚರ್ಚಿನಲ್ಲಿಯೇ ಇಟ್ಟಿದ್ದಾರೆ ಎಂಬುದು ಬೈಲಹೊಂಗಲದ ಮಾತು. ಮರುದಿನ ಕಿತ್ತೂರಿನಲ್ಲಿ ಅದು ಉಪ್ಪು ಹಚ್ಚಿ ಇಟ್ಟ ದೇಹವಾಯಿತು. ಉಗರಗೋಳದ ಕಾಯಿ ಅಂಗಡಿಗಳನ್ನು ಮುಟ್ಟುವಷ್ಟರಲ್ಲಿ ದೇಹಗಳು ಎರಡಾಗಿದ್ದವು.

ಮಾಸ್ತರರಿಗೆ ಇದರ ಗಾಳಿಯೂ ಇರಲಿಲ್ಲ. ಅವರು ಪಡಸಾಲೆಯಲ್ಲಿ ಕುಳಿತು ಭಾಷಣದ ಸಲುವಾಗಿ ಒಂದು ಚಿತ್ರ ಬರೆಯುತ್ತಿದ್ದರು. ಸುಧಾರಣೆಯ ಬಗ್ಗೆ ಅವರಿಗೆ ಗೊತ್ತಿದ್ದದ್ದು ಒಂದೇ ಸಂಗತಿ: ಐದುನೂರು ವರ್ಷಗಳ ಹಿಂದೆ ಜರ್ಮನಿಯಲ್ಲಿ ಒಬ್ಬ ಸನ್ಯಾಸಿ ಚರ್ಚಿನ ಬಾಗಿಲಿಗೆ ತಕರಾರಿನ ಕಾಗದ ಹೊಡೆದನಂತೆ. ಬಾಗಿಲು ಬರೆದು ಮುಗಿದಿತ್ತು, ಮೊಳೆ ಬರೆಯುವುದು ಬಾಕಿ ಇತ್ತು. ಆಗ ನಿಜಗುಣಪ್ಪ ಬಂದು ಹೊಸ್ತಿಲ ಹೊರಗೇ ನಿಂತ.

"ಒಳಗ ಬರ್ರಿ, ಕುಂದರ್ರಿ," ಎಂದರು ಮಾಸ್ತರರು.

"ಇಲ್ಲೇ ಆರಾಮ ಐತ್ರಿ." ನಿಜಗುಣಪ್ಪ ಗಂಟಲು ಸರಿಮಾಡಿಕೊಂಡ. "ಮಾಸ್ತರ, ಇಪ್ಪತ್ತ ವರ್ಷದ ನೆರೆಹೊರೆ. ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನಾವೂ ಮಣ್ಣಾಗ ಇಡಾವ್ರ. ಕುಂದರಿಸಿ ಇಡತೇವಿ, ಖರೆ. ಆದ್ರ ಪೂರ್ತಿ ಇಡತೇವಿ. ಯೋಬಪ್ಪಂದು ಅರ್ಧ ಉಳದೈತಿ ಅಂತಾರಲ್ರಿ?"

ಮಾಸ್ತರರು ತಲೆ ತಗ್ಗಿಸಿದರು. ಶೆಟ್ಟೆವ್ವ ಹೇಳಿಬಿಟ್ಟಿದ್ದಾಳೆ. "ಖರೆ ಐತ್ರಿ. ಹಿಂದಿನರ್ಧ ಉಳದೈತಿ. ತಪ್ಪ ನಂದ."

"ಎಲ್ಲಿ ಇಟ್ಟೀರಿ?"

"ಎಲ್ಲಿ ಇಡೂದ್ರಿ? ಚರ್ಚಿನ ಕಪಾಟಿನ್ಯಾಗ ಇತ್ತು. ಗೆದ್ದಲ ತಿಂದು ಹಾಳ ಮಾಡ್ಯಾವ."

ನಿಜಗುಣಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಏನೂ ಉಳದಿಲ್ಲೇನ್ರಿ?"

"ರಟ್ಟು ಉಳದೈತಿ. ಒಳಗಿಂದೆಲ್ಲಾ ಹೋತು. ಈಗ ಶೆಟ್ಟೆವ್ವನ ತಲ್ಯಾಗ ಎಷ್ಟೈತೋ ಅಷ್ಟ. ಅದನ್ನ ಹೊರಗ ತಗದು ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಬೇಕಂತೇನಿ."

ಇಂದ್ರವ್ವ ಚಹಾ ತಂದು ನೋಡಿದರೆ ಹೊಸ್ತಿಲ ಹೊರಗೆ ಯಾರೂ ಇರಲಿಲ್ಲ. ನಿಜಗುಣಪ್ಪನ ಒಂದು ಚಪ್ಪಲಿ ಮಾತ್ರ ಇತ್ತು.

ಮರುದಿನ ಮುಂಜಾನೆ ಹವಾಲ್ದಾರ ಹನುಮಪ್ಪ ಸೈಕಲ್ ಏರಿ ಬಂದ. ಅವನು ಮಾಸ್ತರರ ಹತ್ತಿರ ಏಳನೆಯ ಇಯತ್ತೆಯಲ್ಲಿ ಚಿತ್ರಕಲೆ ಕಲಿತು ನಪಾಸಾದವನು. ಆದ್ದರಿಂದ ಗೌರವಕ್ಕೇನೂ ಕೊರತೆ ಇರಲಿಲ್ಲ.

"ಸರ್, ಅರ್ಜಿ ಬಂದೈತ್ರಿ. ಹೆಸರ ಹಾಕಿಲ್ಲ. ಕಪಾಟ ತಗದ ತೋರಸಬೇಕಾಗತೈತಿ."

"ಕಪಾಟಿನ್ಯಾಗ ಏನೈತೋ ಮಾರಾಯ?"

"ಅದನ್ನ ನೋಡಾಕ ಬಂದೇನ್ರಿ," ಎಂದು ಹನುಮಪ್ಪ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ.

ಚರ್ಚಿನ ಅಂಗಳದಲ್ಲಿ ಆಗಲೇ ಐವತ್ತು ಜನ. ಪಂಚನಾಗಿ ಸಹಿ ಹಾಕಲು ನಿಜಗುಣಪ್ಪನನ್ನು ಕರೆತಂದಿದ್ದರು. ಅವನು ಕಂಬದ ಹಿಂದಿನಿಂದಲೇ ನೋಡುವುದಾಗಿ ಕರಾರು ಮಾಡಿಕೊಂಡಿದ್ದ. ಅಷ್ಟರಲ್ಲಿ ಜನ ಸರಿದು ದಾರಿ ಬಿಟ್ಟರು. ರಾಮದುರ್ಗದ ಮೊದಲ ಬಸ್ಸಿಗೆ ಇಳಿದು ಯೋಬಪ್ಪನ ತಮ್ಮ ದಾನೇಲಪ್ಪ ಬಂದಿದ್ದ. ಎಪ್ಪತ್ತೈದರ ಮುದುಕ, ಕಂಕುಳಲ್ಲಿ ಹೊಸ ಬಿಳಿ ಬಟ್ಟೆಯ ಗಂಟು. ಅಣ್ಣ ತಮ್ಮಂದಿರು ಯಾವುದೋ ಮಾತಿಗೆ ಮುನಿದು ಮಾತು ಬಿಟ್ಟಿದ್ದರು. ಅಣ್ಣನ ಮಣ್ಣಿಗೂ ಅವನು ಬಂದಿರಲಿಲ್ಲ.

"ನಮ್ಮಣ್ಣನ ಉಳಿದರ್ಧ ನನಗ ಕೊಡ್ರಿ," ಎಂದ ದಾನೇಲಪ್ಪ. "ಅರ್ಧ ಇಲ್ಲಿ ಇಟ್ಟೀರಿ. ಇನ್ನರ್ಧ ನಮ್ಮ ರಾಮದುರ್ಗದಾಗ ಇಡತೇನಿ. ನನ್ನ ಹಕ್ಕ ಐತಿ."

ಎಲಿಷಪ್ಪ ಮಾಸ್ತರರು ಬಿಳಿ ಬಟ್ಟೆ ನೋಡಿದರು. ಹನುಮಪ್ಪನ ಮೂಗಿನ ಕರವಸ್ತ್ರ ನೋಡಿದರು. ಕಂಬದ ಹಿಂದಿನ ನಿಜಗುಣಪ್ಪನ ಅರ್ಧ ಮುಖ ನೋಡಿದರು. ಬುದ್ಧಿ ನಿಧಾನವಾದರೂ ಕೊನೆಗೆ ಮುಟ್ಟುತ್ತದೆ. ಅವರು ಕಪಾಟಿನ ಬಾಗಿಲು ತೆರೆದು ಪುಸ್ತಕ ತೆಗೆದು ಬಿಡಿಸಿ ಹಿಡಿದರು. ಪುಡಿ ಸುರಿಯಿತು. ತೂತಿನಾಚೆ ಹನುಮಪ್ಪನ ಕಣ್ಣು ಕಂಡಿತು.

"ಇದರಾಗಿನ ಮಾತು ಉಳದಾವು," ಎಂದರು ಮಾಸ್ತರರು.  "ಮಣ್ಣ ಮಾಡೂವಾಗ ಓದೂ ಮಾತು. ಹಾಳಿ ಇರಲಿಲ್ಲ, ನಾ ಆಮೆನ್ ಅಂದ ಮುಚ್ಚಿಬಿಟ್ಟೆ. ಯೋಬಪ್ಪನ ಮೈ ಪೂರ್ತಿ ಮಣ್ಣಾಗೈತಿ. ನಾನ ಮುಂದ ನಿಂತು ಮುಚ್ಚಿಸೇನಿ."

ಹನುಮಪ್ಪ ಕರವಸ್ತ್ರ ಬಿಚ್ಚಿ ಪಂಚನಾಮೆ ಬರೆದ: 'ಸದರಿ ಕಪಾಟಿನಲ್ಲಿ ಶವದ ಭಾಗ ಕಂಡುಬಂದಿಲ್ಲ. ಪುಸ್ತಕದ ಭಾಗ ಕಂಡುಬಂದಿದೆ. ಉಳಿದ ಭಾಗವನ್ನು ಗೆದ್ದಲು ತಿಂದಿರುತ್ತದೆ.' ನಿಜಗುಣಪ್ಪ ಕಂಬ ಬಿಟ್ಟು ಬಂದು ಸಹಿ ಹಾಕಿದ. ಅಂಗಳದ ಜನಕ್ಕೆ ಇದು ಹಿಡಿಸಲಿಲ್ಲ. ರಾತ್ರೋರಾತ್ರಿ ಬೇರೆ ಕಡೆ ಸಾಗಿಸಿದ್ದಾರೆ ಎಂದು ತೀರ್ಮಾನಿಸಿ, ರವಿವಾರ ಹುಗಿಯುವಾಗ ನೋಡೋಣ ಎಂದು ಚದುರಿದರು.

ದಾನೇಲಪ್ಪ ಮಾತ್ರ ಬೆಂಚಿನ ಮೇಲೆ ಕುಳಿತುಬಿಟ್ಟ. ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

"ಹಂಗಾರ ನನಗೇನೂ ಉಳದಿಲ್ಲೇನ್ರಿ?" ಎಂದ.

ಮಾಸ್ತರರು ಅವನ ಪಕ್ಕದಲ್ಲಿ ಕುಳಿತರು. ಪುಸ್ತಕ ಮುಚ್ಚಿ ಹೇಳಿದರು: "ಮಾತು ಉಳದಾವ್ರಿ. ರವಿವಾರ ತನಕ ಇರ್ರಿ. ನಮ್ಮನ್ಯಾಗ ಇರ್ರಿ."

ರವಿವಾರ ಏಳು ಗಂಟೆಗೆ ಕ್ರೈಸ್ತರ ಸ್ಮಶಾನದಲ್ಲಿ ಇನ್ನೂರಕ್ಕೆ ಕಡಿಮೆಯಿಲ್ಲದ ಜನ ಸೇರಿದ್ದರು. ದೊಡವಾಡದವರು ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಸವದತ್ತಿಯಿಂದ ಬಂದ ಒಬ್ಬರು ಊಟದ ಬುತ್ತಿಯನ್ನೂ ತಂದಿದ್ದರು. ಹನುಮಪ್ಪ ಬಂದೋಬಸ್ತಿಗೆ ನಿಂತಿದ್ದ. ಸಮಿತಿಯ ಜೀಪು ಮೊದಲು ಚರ್ಚಿಗೆ ಹೋಗಿ, ಅಲ್ಲಿ ಯಾರೂ ಇಲ್ಲದ್ದು ಕಂಡು, ಜನ ಹೋಗುವ ದಿಕ್ಕಿಗೇ ಬಂತು. ಮೃಣಾಲಿನಿ ಮೇಡಂ ಇಳಿದು ಕಣ್ಣಗಲಿಸಿದರು.

"ಮಾಸ್ತರ, ಇದೆಲ್ಲಾ ನಿಮ್ಮ ಸಭೇನೇನ್ರಿ?"

ಮಾಸ್ತರರು ಮತ್ತೊಂದು ಸುಳ್ಳಿನ ತುದಿಯಲ್ಲಿ ನಿಂತಿದ್ದರು. ಪುಣ್ಯಕ್ಕೆ ಶೆಟ್ಟೆವ್ವ ಕೂಗಿದಳು: "ಎಲಿಷಾ, ಇಲ್ಲಿ ಬಾ. ನಾ ಹೇಳಿದ್ದನ್ನ ಹಿಂದ ಹೇಳು."

ಅವಳು ಗೋರಿಯ ತಲೆಯ ಕಡೆ ಕೋಲೂರಿ ನಿಂತಳು. ಸೆರಗು ಸರಿಮಾಡಿಕೊಂಡು, ಒಮ್ಮೆ ಕೆಮ್ಮಿ ಶುರು ಮಾಡಿದಳು. ಅವಳ ದನಿಯೇ ಬದಲಾಯಿತು. ಓಣಿಯ ಮುದುಕಿಯ ಬಾಯಲ್ಲಿ ಐವತ್ತು ವರ್ಷದ ಹಿಂದೆ ಸತ್ತ ದೂರದ ದೇಶದ ಗಂಡಸೊಬ್ಬ ಮಾತನಾಡಿದಂತಿತ್ತು. "ನಮ್ಮ ದಿನಗಲು ನೆರಲಿನಂತೆ ಕಲೆಯುತ್ತವೆ," ಎಂದಳು. ಮಾಸ್ತರರು ಹಾಗೆಯೇ, ಲ ಬಿಡದೆ ಹೇಳಿದರು. "ಇಲ್ಲಿ ಪಾದ್ರಿಯು ಮೂರಾವರ್ತಿ ಮಣ್ಣು ಹಾಕತಕ್ಕದ್ದು," ಎಂದಳು. ಮಾಸ್ತರರು ಅದನ್ನೂ ಹೇಳಿ, ಹೇಳಿದ ಮೇಲೆ ಅರ್ಥವಾಗಿ ಬಾಗಿ ಮಣ್ಣು ಹಾಕಿದರು.

ಜನ ಮೊದಮೊದಲು ಕತ್ತು ಚಾಚಿ ಚಾಚಿ ನೋಡಿದರು. "ಎಲ್ಲೈತಿ? ಚೀಲದಾಗ ಐತೇನ?" ಎಂಬ ಪಿಸುಮಾತು ಹಿಂದಿನಿಂದ ಬರುತ್ತಿತ್ತು. ಚೀಲವಿಲ್ಲ, ಪೆಟ್ಟಿಗೆಯಿಲ್ಲ, ಗುದ್ದಲಿಯೂ ಇಲ್ಲ. ಒಬ್ಬ ಮುದುಕಿ ಹೇಳುತ್ತಾಳೆ, ಒಬ್ಬ ಮುದುಕ ಹೇಳುತ್ತಾನೆ. "ಕರ್ತನೇ, ಕರುಣಿಸು" ಎಂಬಲ್ಲಿ ಹನ್ನೊಂದು ಜನ ಉತ್ತರ ಕೊಡಬೇಕಿತ್ತು. ಅಭ್ಯಾಸವಿಲ್ಲದೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮೌನ ಸಹಿಸದೆ, ಪಂಚನಾಗಿ ಸಹಿ ಹಾಕಿದ ಹೊಣೆಗಾರಿಕೆಯಿಂದ, ನಿಜಗುಣಪ್ಪ ಗಟ್ಟಿಯಾಗಿ "ಕರ್ತನೇ, ಕರುಣಿಸು" ಎಂದ. ಎರಡನೆಯ ಸಲ ಕೆಂಚವ್ವ ದನಿಗೂಡಿಸಿದಳು. ಮೂರನೆಯ ಸಲ ಟ್ರ್ಯಾಕ್ಟರಿನವರೂ ಅಂದರು.

ಒಪ್ಪಿಸುವ ಮಾತು ಬಂತು. ೧೯೯೫ರಲ್ಲಿ ಹಾಳೆ ಇಲ್ಲದೆ ನಿಂತದ್ದು ಅಲ್ಲೇ. ಶೆಟ್ಟೆವ್ವ ಕಣ್ಣು ಮುಚ್ಚಿ, ತಡವರಿಸದೆ ಹೇಳಿದಳು: "ನಮ್ಮನ್ನು ಬಿಟ್ಟು ಹೋದ ಈ ಕೂಸು ರೂತವ್ವಲನ್ನು ನಿನ್ನ ಕೈಗಲಿಗೆ ಒಪ್ಪಿಸುತ್ತೇವೆ."

"ನಮ್ಮನ್ನು ಬಿಟ್ಟು ಹೋದ ಈ ಕೂಸು ರೂತವ್ವಲನ್ನು..." ಎಂದ ಮಾಸ್ತರರು ಅಲ್ಲೇ ನಿಂತರು.

ಯಾರಿಗೂ ಏನೂ ತಿಳಿಯಲಿಲ್ಲ. ದಾನೇಲಪ್ಪನಿಗೆ ಮಾತ್ರ ತಿಳಿಯಿತು. ಅವನು ಮಾಸ್ತರರ ಕಿವಿಯಲ್ಲಿ ಹೇಳಿದ: "ಇವರ ಮಗಳ್ರಿ. ನಲವತ್ನಾಕರಾಗ, ಕಾಲರಾ. ಮೂರ ವರ್ಷದಾಕಿ. ಯಾರೂ ಹತ್ತರ ಬರಲಿಲ್ಲ. ಪಾದ್ರಿ ದೊರಿ ಒಬ್ಬಾಂವ ಬಂದು, ಇವರಿಬ್ಬರ ಮುಂದ ನಿಂತು, ಎಲ್ಲಾ ಓದಿದ್ದ. ಒಂದೂ ಬಿಡಲಿಲ್ಲಂತ."

ಶೆಟ್ಟೆವ್ವ ಕಣ್ಣು ತೆರೆದಳು. "ತಪ್ಪಿದೆ," ಎಂದಳು, ತನ್ನದೇ ದನಿಯಲ್ಲಿ. "ಅಕಿ ಹೆಸರಲ್ಲ ಅಲ್ಲಿ. ಇಂವನ ಹೆಸರ ಹಾಕು."

ಎಲಿಷಪ್ಪ ಮಾಸ್ತರರು ಗೋರಿಯ ಕಡೆ ತಿರುಗಿದರು. "ನಮ್ಮನ್ನು ಬಿಟ್ಟು ಹೋದ, ರೂತವ್ವನ ತಂದೆ ಯೋಬಪ್ಪನನ್ನು ನಿನ್ನ ಕೈಗಲಿಗೆ ಒಪ್ಪಿಸುತ್ತೇವೆ," ಎಂದರು.

ಕ್ರಮದಲ್ಲಿ ಅಂಥ ಮಾತಿರಲಿಲ್ಲ. ಶೆಟ್ಟೆವ್ವ ತಿದ್ದಲಿಲ್ಲ. ಮುಂದಿನ ವಾಕ್ಯ ಹೇಳಿದಳು, ಅದರ ಮುಂದಿನದು ಹೇಳಿದಳು, ಕೊನೆಯತನಕ ಹೇಳಿದಳು. ಆಮೆನ್ ಎಂದಳು. ಆಮೇಲೆ ಕೋಲು ಬಿಟ್ಟು ನೆಲದ ಮೇಲೆ ಕುಳಿತಳು. ದಾನೇಲಪ್ಪ ಗಂಟು ಬಿಚ್ಚಿ ಬಿಳಿ ಬಟ್ಟೆಯನ್ನು ಗೋರಿಯ ಮೇಲೆ ಹಾಸಿದ. ಬೇರೇನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

ದೇಹ ಕಾಣದ ಜನ ಬೇಸರದಿಂದ ಚಹಾದ ಅಂಗಡಿಗಳ ಕಡೆ ಹೋದರು. ಚರ್ಚಿಗೆ ಬಂದದ್ದು ಹನ್ನೊಂದು ಜನ, ದಾನೇಲಪ್ಪ, ಸಮಿತಿಯ ಮೂವರು, ಮತ್ತು ಡ್ಯೂಟಿ ಎಲ್ಲಿ ಮುಗಿಯುತ್ತದೆಂದು ತಿಳಿಯದ ಹನುಮಪ್ಪ. ಮಾಸ್ತರರು ಭಾಷಣಕ್ಕೆ ಎದ್ದು ನಿಂತರು. ಕೈಯಲ್ಲಿ ಬಾಗಿಲಿನ ಚಿತ್ರವಿತ್ತು. ಅದನ್ನು ತೋರಿಸದೆ ಮಡಚಿದರು.

"ನಾ ಧಾರವಾಡದಾಗ ಸುಳ್ಳ ಹೇಳಿದ್ದೆ," ಎಂದರು. "ನಮ್ಮಲ್ಲಿ ಹಳೇ ಕ್ರಮ ಇಲ್ರಿ. ಪುಸ್ತಕಾನೂ ಇಲ್ಲ. ಈ ಆಯಿ ಒಬ್ಬಾಕಿ ಅದಾಳ."

ಮೃಣಾಲಿನಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಇದು ನಾವು ಬಂದ ಒಂಬತ್ತನೇ ಊರ್ರಿ, ಮಾಸ್ತರ. ಎಲ್ಲಾ ಕಡೆ ಒಂದಕ್ಷರ ಬಿಟ್ಟಿಲ್ಲ ಅಂತನ ಹೇಳಿದ್ರು. ಎಲ್ಲಾ ಕಡೆ ರಟ್ಟು ತೋರಿಸಿದ್ರು. ಆಯಿ ಇದ್ದದ್ದು ಇಲ್ಲಿ ಅಷ್ಟ."

ಹತ್ತು ನಿಮಿಷ ತುಂಬಬೇಕಲ್ಲ. ಮೇಡಂ ತಾವೇ ನಾಲ್ಕು ಮಾತು ಆಡಿದರು. ಪರದೇಶದ ಭಾಷೆಯಲ್ಲಿ, ಪಾದ್ರಿಗಷ್ಟೇ ತಿಳಿಯುವಂತೆ ನಡೆಯುತ್ತಿದ್ದ ಪ್ರಾರ್ಥನೆಯನ್ನು ಜನರ ಮಾತಿಗೆ ತರಲು ಎಷ್ಟು ಜಗಳ, ಎಷ್ಟು ಸಾವಾದವೆಂದು ಹೇಳಿದರು. ಕಸಗುಡಿಸುವ ಹೆಣ್ಣುಮಗಳಿಗೂ ತಿಳಿಯಲಿ ಎಂಬುದೇ ಆ ಜಗಳ ಎಂದರು. ಇಂದ್ರವ್ವ ಅದನ್ನು ಶೆಟ್ಟೆವ್ವನ ಕಿವಿಯಲ್ಲಿ ಕೂಗಿ ಹೇಳಿದರು.

"ಜಗಳಾಡಿ ತಂದದ್ದೇನ ಇದು?" ಎಂದಳು ಶೆಟ್ಟೆವ್ವ. "ಮತ್ತ ಗೆದ್ದಲಕ್ಕ್ಯಾಕ ಹಾಕಿದ್ರಿ?"

ಮೇಡಂ ನೋಟುಬುಕ್ಕು ತೆಗೆದರು.

ಸ್ಮಶಾನದಲ್ಲಿ ಹಿಡಿದ ಟೇಪು ಕೆಲಸಕ್ಕೆ ಬರಲಿಲ್ಲ. ಗಾಳಿ ಮತ್ತು ಪಿಸುಮಾತಿನ ನಡುವೆ ಅದರಲ್ಲಿ ಸ್ಪಷ್ಟವಾಗಿ ಕೇಳಿದ್ದು ಮೈಕಿನ ಪಕ್ಕ ನಿಂತಿದ್ದ ನಿಜಗುಣಪ್ಪನ ದನಿ ಮಾತ್ರ. ಡಿಸೆಂಬರಿನಲ್ಲಿ ಎರಡು ಕಾಗದ ಬಂದವು. ಮೇಲಿನ ಕಚೇರಿಯದು ಒಂದು: ಪಾದ್ರಿಗಳ ಕೊರತೆಯಿಂದಾಗಿ ಹೊಸ ವರ್ಷದಿಂದ ಬೈಲಹೊಂಗಲಕ್ಕೆ ಮೂರು ತಿಂಗಳಿಗೊಮ್ಮೆ ಮಾತ್ರ ಭೇಟಿ. ಮೇಡಂ ಅವರದು ಇನ್ನೊಂದು: ಆಯಿ ಇರುವಾಗಲೇ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಜೊತೆಗೆ ಒಂದು ಪ್ರಶ್ನೆ: ಅವರ ಮಾತಿನಲ್ಲಿ ಳಕಾರವಿಲ್ಲ, ಇದು ಈ ಭಾಗದ ಪ್ರಾಚೀನ ರೂಪವೇ?

ಎಲಿಷಪ್ಪ ಮಾಸ್ತರರು ಗೆರೆಯಿಲ್ಲದ ದಪ್ಪ ಡ್ರಾಯಿಂಗ್ ಪುಸ್ತಕ ಕೊಂಡರು. ದಿನಾ ಮಧ್ಯಾಹ್ನ ಶೆಟ್ಟೆವ್ವನ ಕಟ್ಟೆಗೆ ಹೋಗಿ, ಅವಳು ಹೇಳಿದಂತೆ ಮುತ್ತಿನಂಥ ಅಕ್ಷರದಲ್ಲಿ ಬರೆದರು. ಮೊದಲ ದಿನವೇ 'ಪಾಪಗಲನ್ನು' ಎಂಬಲ್ಲಿ ಲೇಖನಿ ಎತ್ತಿ, "ಆಯೀ, ಇದನ್ನ ತಿದ್ದಲೇನ್ರಿ?" ಎಂದು ಕೇಳಿದ್ದರು. "ಪಾಪಾ ತಿದ್ದೂದು ನಿನ್ನ ಕೈಯಾಗಿಲ್ಲ," ಎಂದಿದ್ದಳು. ಮತ್ತೆ ಕೇಳಲಿಲ್ಲ. ಕೆಮ್ಮು ಬಂದಲ್ಲಿ 'ಕೆಮ್ಮು' ಎಂದು ಬರೆದರು.

ಮಾರ್ಚಿಗೆ ಮದುವೆಯ ಕ್ರಮಕ್ಕೆ ಬಂದರು. ಬಿಸಿಲು ಕಟ್ಟೆಯ ಮೇಲೆ ಏರಿತ್ತು, ಶೆಟ್ಟೆವ್ವನಿಗೆ ಏದುಸಿರು ಹೆಚ್ಚಿತ್ತು. ಮಾಸ್ತರರು ಮನಸ್ಸಿನಲ್ಲೇ ಸಭೆಯ ಜನರನ್ನು ನೆನೆದರು. ಎಲ್ಲರಿಗಿಂತ ಚಿಕ್ಕವಳು ಐವತ್ತರ ವಿಧವೆ.

"ಆಯೀ, ನಮ್ಮಲ್ಲಿ ಇನ್ನ ಮದಿವಿ ಆಗಾವ್ರು ಯಾರೂ ಇಲ್ರಿ. ನಿಮಗ ಉಸರ ಹತ್ತಾಕತ್ತೈತಿ. ಇದನ್ನ ಬಿಟ್ಟ ಮುಂದ ಹೋಗೂಣೇನ್ರಿ?"

"ಬಿಡಬ್ಯಾಡ. ಬರಿ."

ಅವಳು ಹೇಳತೊಡಗಿದಳು. ಮುನ್ನುಡಿ ಆಯಿತು, ಕೆಮ್ಮು ಆಯಿತು. ಪಾದ್ರಿಯು ಮದುಮಗನನ್ನು ಕೇಳುವ ಪ್ರಶ್ನೆ ಬಂತು: ಈ ಹೆಣ್ಣನ್ನು ಸುಖದಲ್ಲಿಯೂ ಬೇನೆಯಲ್ಲಿಯೂ ಕೈಬಿಡದೆ ನೋಡಿಕೊಲ್ಲುವೆಯಾ? ಅಷ್ಟು ಹೇಳಿ ಸುಮ್ಮನಾದಳು. ಮಾಸ್ತರರು ಲೇಖನಿ ಹಿಡಿದು ಕಾದರು. ಅವಳು ಬಾಗಿಲ ಕಡೆ ನೋಡುತ್ತ ಕುಳಿತಿದ್ದಳು.

"ಮರತ್ರೇನ್ರಿ, ಆಯೀ?"

"ತಡಿ," ಎಂದಳು ಶೆಟ್ಟೆವ್ವ. "ಅಂವಾ ಹೂಂ ಅನ್ನಾಕ ಭಾಳ ಹೊತ್ತ ತಗೊಂಡಿದ್ದ. ನಾಚಿಗಿ. ಪಾದ್ರಿ ಎರಡ ಸಲ ಕೇಳಬೇಕಾತು."

"ಹಂಗಾರ ಎರಡ ಸಲ ಬರೀಲೇನ್ರಿ?"

"ಬರಿ."

ಎಲಿಷಪ್ಪ ಮಾಸ್ತರರು ಆ ಪ್ರಶ್ನೆಯನ್ನು ಎರಡು ಸಲ ಬರೆದರು.